ಹನ್ನೆರಡು ಕ್ಲಬ್‌ಗಳ ನಿಕೊಲಾ ಅನೆಲ್ಕಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮುಂಬೈ ಸಿಟಿ ಫುಟ್‌ಬಾಲ್ ತಂಡದಲ್ಲಿ ಆಡಿ ಹೋದ ಫ್ರಾನ್ಸಿನ ನಿಕೊಲಾ ಅನೆಲ್ಕಾ ಅವರು ಒಟ್ಟು ಹನ್ನೆರಡು ಕ್ಲಬ್‌ಗಳ ಜೆರ್ಸಿ ತೊಟ್ಟವರೆಂದು ಓದಿದ್ದೇನೆ. ಅಷ್ಟು ಒಳ್ಳೆಯ ಸ್ಟ್ರೈಕರ್ ಒಂದೇ ಕಡೆ ಏಕೆ ನಿಲ್ಲಲಿಲ್ಲ? ಇದಕ್ಕೆ ಕಾರಣ ಹಣದಾಸೆಯೇ, ಸ್ವಭಾವದ ದೋಷವೇ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಈ ಎರಡು ಆರೋಪಗಳನ್ನೂ ಇಂಗ್ಲೆಂಡಿನ ಪತ್ರಿಕೆಗಳು ಅವರ ಇಪ್ಪತ್ತನೆಯ ವಯಸ್ಸಿನಲ್ಲೇ ಹೊರಿಸಿದ್ದವು. ಸದಾ ಮುನಿಸಿಕೊಂಡಿರುವವನು ಎಂಬರ್ಥದ ಅಡ್ಡಹೆಸರನ್ನು ಆಗಲೇ ಇಟ್ಟಿದ್ದವು, ಅದು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಆದರೆ ಅವರು ಎಲ್ಲೆಲ್ಲಿ ಚೆನ್ನಾಗಿ ಆಡಿದರು, ಎಲ್ಲೆಲ್ಲಿ ಬಾಡಿದರು ಎಂಬುದನ್ನು ಕ್ರಮವಾಗಿ ನೋಡಿದರೆ ಆ ಅಡ್ಡಹೆಸರಿನಲ್ಲಿ ಅಡಗಿರುವ ಅನ್ಯಾಯ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಾರ್ಟಿನಿಕ್ ದ್ವೀಪದಿಂದ ಬಂದ ತಂದೆತಾಯಿಗೆ 1979ರಲ್ಲಿ ವರ್ಸೇಲ್ಸ್ ಸಮೀಪ ಹುಟ್ಟಿದ ಅನೆಲ್ಕಾ, ಪ್ಯಾರಿಸ್ ಹೊರವಲಯದ ತ್ರಾಪ್ ಎಂಬ ಊರಿನಲ್ಲಿ ಬೆಳೆದು, ಫ್ರೆಂಚ್ ಫುಟ್‌ಬಾಲ್ ಒಕ್ಕೂಟದ ಕ್ಲೇರ್‌ಫೊಂತೇನ್ ಅಕಾಡೆಮಿಯಲ್ಲಿ ಕಲಿತು, ಪ್ಯಾರಿಸ್ ಸೇಂಟ್ ಜರ್ಮೇನ್ ತಂಡಕ್ಕೆ ಬಂದವರು. ಅಲ್ಲಿ ಅವಕಾಶ ಸಾಲದಾದಾಗ 1997ರ ಫೆಬ್ರವರಿಯಲ್ಲಿ ಆರ್ಸೆನಲ್ ತರಬೇತುದಾರ ಆರ್ಸೆನ್ ವೆಂಗರ್ ಐದು ಲಕ್ಷ ಪೌಂಡ್ ಕೊಟ್ಟು ಆ ಹದಿನೇಳರ ಹುಡುಗನನ್ನು ಲಂಡನ್ನಿಗೆ ಕರೆದೊಯ್ದರು. ತಂಡದ ಸ್ಟ್ರೈಕರ್ ಇಯಾನ್ ರೈಟ್ ಗಾಯಗೊಂಡಾಗ ತೆರವಾದ ಜಾಗದಲ್ಲಿ ನಿಂತು, 1997–98ರಲ್ಲಿ ಆರ್ಸೆನಲ್ ಇಂಗ್ಲೆಂಡಿನ ಲೀಗ್ ಮತ್ತು ಸೋತವರು ಹೊರಬೀಳುವ ಎಫ್.ಎ. ಕಪ್ ಎರಡನ್ನೂ ಗೆದ್ದಾಗ, ನ್ಯೂಕಾಸಲ್ ವಿರುದ್ಧದ ಕಪ್ ಫೈನಲ್‌ನಲ್ಲಿ ಎರಡನೆಯ ಗೋಲು ಹೊಡೆದವರು ಅವರೇ. ಮರುವರ್ಷ ಲೀಗ್‌ನಲ್ಲಿ 17 ಗೋಲು ಗಳಿಸಿ, ಆಟಗಾರರೇ ಮತ ಹಾಕಿ ಆರಿಸುವ ವರ್ಷದ ಯುವ ಆಟಗಾರ ಪ್ರಶಸ್ತಿಯನ್ನು ಪಡೆದರು. ರಕ್ಷಣಾ ಆಟಗಾರರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಸಹ ಆಟಗಾರ ಡೆನ್ನಿಸ್ ಬರ್ಗ್‌ಕ್ಯಾಂಪ್ ಚೆಂಡು ತಳ್ಳುವುದು, ಅನೆಲ್ಕಾ ಓಟದ ವೇಗ ಕುಗ್ಗಿಸದೆ ಅದನ್ನು ಗೋಲಿಗೆ ಮುಟ್ಟಿಸುವುದು: ಆ ಒಂದು ಋತುವನ್ನು ನೋಡಿದವರು ಅದನ್ನು ಮರೆಯಲಾರರು.

ತಪ್ಪು ಹೆಜ್ಜೆ ಬಿದ್ದದ್ದು ಇಲ್ಲಿಂದಲೇ. ಮಾತುಕತೆಯ ಹೊಣೆಯನ್ನು ಸಹೋದರರಿಗೆ ಬಿಟ್ಟಿದ್ದ ಅವರು, ತಮ್ಮನ್ನು ಇನ್ನೂ ಬೆಳೆಸುತ್ತಿದ್ದ ಗುರುವನ್ನು ತೊರೆದು 1999ರ ಆಗಸ್ಟ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದರು. ಬೆಲೆ 2 ಕೋಟಿ 20 ಲಕ್ಷ ಪೌಂಡ್‌ಗೂ ಹೆಚ್ಚು. ರೌಲ್ ಮತ್ತು ಮೊರಿಯೆಂಟೆಸ್ ಎಂಬ ಸ್ಟ್ರೈಕರ್‌ಗಳು ಆಗಲೇ ನೆಲೆಯೂರಿದ್ದ ಆ ತಂಡದಲ್ಲಿ ಇಪ್ಪತ್ತರ ಹುಡುಗ ಒಂಟಿಯಾದರು, ತರಬೇತಿಗೆ ಬರಲು ನಿರಾಕರಿಸಿದರು, 2000ದ ಮಾರ್ಚ್‌ನಲ್ಲಿ ಕ್ಲಬ್ ಅವರನ್ನು 45 ದಿನ ಅಮಾನತಿನಲ್ಲಿಟ್ಟಿತು. ಇದು ಅವರದೇ ತಪ್ಪು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಮಾನತಿನಿಂದ ಮರಳಿದ ಮೇಲೆ, ಯೂರೋಪಿನ ಕ್ಲಬ್‌ಗಳ ಅಗ್ರ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್‌ನಲ್ಲಿ ಬಾಯರ್ನ್ ಮ್ಯೂನಿಕ್ ವಿರುದ್ಧ ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದವರೂ ಅವರೇ ಎಂಬುದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ. ಫೈನಲ್‌ನಲ್ಲಿ ಮ್ಯಾಡ್ರಿಡ್ ವೆಲೆನ್ಸಿಯಾವನ್ನು 3–0ಯಿಂದ ಸೋಲಿಸಿತು.

ಅಲ್ಲಿಂದ ಮುಂದಿನದು ಬೇಗ ಹೇಳಬಹುದಾದ ದಾರಿ. ಮತ್ತೆ ಪ್ಯಾರಿಸ್, ಅರ್ಧ ಋತುವಿನ ಮಟ್ಟಿಗೆ ಲಿವರ್‌ಪೂಲ್, 2002ರಲ್ಲಿ ಕೆವಿನ್ ಕೀಗನ್ ಅವರ ಮ್ಯಾಂಚೆಸ್ಟರ್ ಸಿಟಿ, 2005ರಲ್ಲಿ ಇಸ್ತಾಂಬುಲ್‌ನ ಫೆನೆರ್‌ಬಾಚೆ, 2006ರಲ್ಲಿ ಬೋಲ್ಟನ್. ಬೋಲ್ಟನ್‌ನಂಥ ಸಾಧಾರಣ ಕ್ಲಬ್ ತನ್ನ ಇತಿಹಾಸದಲ್ಲೇ ಅತಿ ಹೆಚ್ಚಿನ ಮೊತ್ತವಾದ 80 ಲಕ್ಷ ಪೌಂಡ್ ಕೊಟ್ಟು ಅವರನ್ನು ಕೊಂಡಿತು, ಅವರು ದುಡಿದೂ ಕೊಟ್ಟರು. ಒಂದೂವರೆ ವರ್ಷದಲ್ಲಿ ಚೆಲ್ಸಿ 1 ಕೋಟಿ 50 ಲಕ್ಷಕ್ಕೆ ಅವರನ್ನು ಕರೆಸಿಕೊಂಡಿತು. 2008ರ ಮೇ ತಿಂಗಳಲ್ಲಿ ಮಾಸ್ಕೋದ ಚಾಂಪಿಯನ್ಸ್ ಲೀಗ್ ಫೈನಲ್ ಪೆನಾಲ್ಟಿಗೆ ಹೋದಾಗ ಚೆಲ್ಸಿಯ ಕೊನೆಯ ಒದೆತ ಅನೆಲ್ಕಾ ಅವರದಾಗಿತ್ತು. ಮ್ಯಾಂಚೆಸ್ಟರ್ ಯುನೈಟೆಡ್‌ನ ವಾನ್ ಡರ್ ಸಾರ್ ಅದನ್ನು ತಡೆದರು, ಕಪ್ ಕೈತಪ್ಪಿತು. ಅಂಥ ರಾತ್ರಿಯ ಮರುಋತುವಿನಲ್ಲಿ 19 ಗೋಲು ಹೊಡೆದು ಪ್ರೀಮಿಯರ್ ಲೀಗ್‌ನ ಅತಿ ಹೆಚ್ಚು ಗೋಲುಗಳ ಬಹುಮಾನ ಪಡೆದವರನ್ನು ಮುನಿಸಿನ ಮನುಷ್ಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. 2009–10ರಲ್ಲಿ ಚೆಲ್ಸಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು. ತಮ್ಮ ಆಟವನ್ನು ಅರಿತ, ಮಾತಿಗಿಂತ ಜಾಗ ಕೊಟ್ಟ ತರಬೇತುದಾರರ ಕೈಯಲ್ಲಿ ಅವರು ನಿಂತರು, ಉಳಿದ ಕಡೆ ನಿಲ್ಲಲಿಲ್ಲ. ಹಣಕ್ಕೆ ಪಾತ್ರವೇ ಇರಲಿಲ್ಲವೆಂದು ಹೇಳುವುದಿಲ್ಲ. 2012ರ ಜನವರಿಯಲ್ಲಿ ಶಾಂಘೈ ಶೆನ್‌ಹುವಾ ಸೇರಿದ್ದಕ್ಕೆ ಸಂಬಳವೇ ದೊಡ್ಡ ಕಾರಣವಾಗಿತ್ತೆಂದು ತಿಳಿಯುವುದು ತಪ್ಪಾಗಲಾರದು.

ಪ್ರಶ್ನೆ: ಆಟಗಾರನಿಗೆ ಇಷ್ಟು ಕೋಟಿ ಬೆಲೆ ಎಂದು ಬರೆಯುತ್ತಾರಲ್ಲ, ಆ ಹಣ ಆಟಗಾರನ ಕೈಗೆ ಹೋಗುತ್ತದೆಯೇ?
— ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಇಲ್ಲ. ಒಪ್ಪಂದದ ಅವಧಿ ಮುಗಿಯುವ ಮೊದಲೇ ಆಟಗಾರನನ್ನು ಬಿಟ್ಟುಕೊಟ್ಟದ್ದಕ್ಕಾಗಿ ಕೊಳ್ಳುವ ಕ್ಲಬ್ ಹಳೆಯ ಕ್ಲಬ್ಬಿಗೆ ಕೊಡುವ ಪರಿಹಾರ ಅದು. ಆಟಗಾರನ ಸಂಬಳ ಹೊಸ ಕ್ಲಬ್ಬಿನೊಂದಿಗೆ ಬೇರೆಯಾಗಿಯೇ ನಿಗದಿಯಾಗುತ್ತದೆ. ಅವಧಿ ಮುಗಿದಿದ್ದರೆ ಐರೋಪ್ಯ ನ್ಯಾಯಾಲಯವು 1995ರಲ್ಲಿ ಕೊಟ್ಟ ಬಾಸ್ಮನ್ ತೀರ್ಪಿನ ಪ್ರಕಾರ ಐರೋಪ್ಯ ಒಕ್ಕೂಟದ ಆಟಗಾರ ಅಲ್ಲಿನ ಬೇರೆ ಕ್ಲಬ್ಬಿಗೆ ಯಾವ ಶುಲ್ಕವೂ ಇಲ್ಲದೆ ಹೋಗಬಹುದು. ಲಿವರ್‌ಪೂಲ್‌ಗೆ ಅನೆಲ್ಕಾ ಹೋದದ್ದು ಎರವಲಾಗಿ, ಅಂದರೆ ಒಪ್ಪಂದ ಪ್ಯಾರಿಸ್‌ನಲ್ಲೇ ಉಳಿದು ಆಟ ಮಾತ್ರ ಇನ್ನೊಂದು ತಂಡಕ್ಕೆ. ಎರವಲಿನ ಅವಧಿ ಮುಗಿದಾಗ ಲಿವರ್‌ಪೂಲ್ ತರಬೇತುದಾರ ಜೆರಾರ್ ಉಲಿಯೆ ಅವರನ್ನು ಉಳಿಸಿಕೊಳ್ಳದೆ ಸೆನೆಗಲ್‌ನ ಎಲ್ ಹಾಜಿ ದಿಯೂಫ್ ಅವರನ್ನು ಆರಿಸಿದರು. ಲಿವರ್‌ಪೂಲ್ ಅಭಿಮಾನಿಗಳು ಇಂದಿಗೂ ಕೊರಗುವ ನಿರ್ಧಾರ ಅದು.

ಇಂಥ ಹಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅನೆಲ್ಕಾ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ. ಐದು ಲಕ್ಷಕ್ಕೆ ಕೊಂಡು ಎರಡೂವರೆ ವರ್ಷದಲ್ಲಿ ನಲವತ್ತು ಪಟ್ಟಿಗೂ ಮೀರಿ ಪಡೆದ ಆರ್ಸೆನಲ್, ಆ ಹಣದಿಂದ ಲಂಡನ್ ಕಾಲ್ನಿಯಲ್ಲಿ ಹೊಸ ತರಬೇತಿ ಕೇಂದ್ರ ಕಟ್ಟಿತು ಮತ್ತು ಇಟಲಿಯ ಯುವೆಂಟಸ್‌ನಿಂದ ಥಿಯರಿ ಆನ್ರಿ ಅವರನ್ನು ತಂದಿತು. ಆನ್ರಿ ಮುಂದೆ ಆ ಕ್ಲಬ್ಬಿನ ಸಾರ್ವಕಾಲಿಕ ಅತಿ ಹೆಚ್ಚು ಗೋಲುಗಳ ಆಟಗಾರರಾದರು.

ಪ್ರಶ್ನೆ: 2010ರ ವಿಶ್ವಕಪ್‌ನಿಂದ ಅವರನ್ನು ಮನೆಗೆ ಕಳುಹಿಸಿದ್ದು ಏಕೆ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಜೂನ್ 17ರಂದು ದಕ್ಷಿಣ ಆಫ್ರಿಕಾದ ಪೊಲೊಕ್ವಾನೆಯಲ್ಲಿ ಮೆಕ್ಸಿಕೊ ವಿರುದ್ಧದ ಪಂದ್ಯದ ವಿರಾಮದಲ್ಲಿ, ತರಬೇತುದಾರ ರೇಮೊಂ ದೊಮೆನೆಕ್ ಮತ್ತು ಅನೆಲ್ಕಾ ನಡುವೆ ಆಡುವ ಸ್ಥಾನದ ವಿಷಯದಲ್ಲಿ ಬಿಸಿ ಮಾತು ನಡೆಯಿತು. ಎರಡನೆಯ ಅವಧಿಗೆ ಅವರು ಇಳಿಯಲಿಲ್ಲ, ಫ್ರಾನ್ಸ್ 0–2ರಿಂದ ಸೋತಿತು. ಒಂದು ದಿನ ಕಳೆದ ಮೇಲೆ ಫ್ರಾನ್ಸಿನ ಕ್ರೀಡಾ ದೈನಿಕ ಲೆಕಿಪ್ ಮುಖಪುಟದಲ್ಲಿ ಅವರ ಬಾಯಿಂದ ಬಂದದ್ದೆನ್ನಲಾದ ಬೈಗುಳವನ್ನು ದೊಡ್ಡಕ್ಷರಗಳಲ್ಲಿ ಅಚ್ಚು ಮಾಡಿತು. ಆ ಪದಗಳನ್ನು ತಾವು ಆಡಿಲ್ಲವೆಂದು ಅವರು ಹೇಳುತ್ತಲೇ ಬಂದಿದ್ದಾರೆ. ಫ್ರೆಂಚ್ ಫುಟ್‌ಬಾಲ್ ಒಕ್ಕೂಟ ಅವರನ್ನು ವಾಪಸು ಕಳುಹಿಸಿತು, ಅದನ್ನು ಪ್ರತಿಭಟಿಸಿ ಉಳಿದ ಆಟಗಾರರು ನೈಸ್ನಾದಲ್ಲಿ ಅಭ್ಯಾಸಕ್ಕಿಳಿಯದೆ ಬಸ್ಸಿನಲ್ಲೇ ಕುಳಿತರು, ತಂಡ ಒಂದೂ ಪಂದ್ಯ ಗೆಲ್ಲದೆ ಮರಳಿತು. ಅನೆಲ್ಕಾ ಅವರಿಗೆ 18 ಅಂತರರಾಷ್ಟ್ರೀಯ ಪಂದ್ಯಗಳ ನಿಷೇಧ ಬಿದ್ದು, 69 ಪಂದ್ಯ, 14 ಗೋಲಿಗೆ ಅವರ ರಾಷ್ಟ್ರೀಯ ಲೆಕ್ಕ ನಿಂತುಹೋಯಿತು. 1998ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಾಗ ಕೊನೆಯ ಪಟ್ಟಿಯಿಂದ ಕೈಬಿಡಲ್ಪಟ್ಟಿದ್ದ ಅವರಿಗೆ ಸಿಕ್ಕ ಏಕೈಕ ವಿಶ್ವಕಪ್ ಹೀಗೆ ಮುಗಿದದ್ದು ನನಗೆ ಅತ್ಯಂತ ನೋವಿನ ಸಂಗತಿ. 1999ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಫ್ರಾನ್ಸ್ 2–0ಯಿಂದ ಗೆದ್ದಾಗ ಎರಡೂ ಗೋಲು ಅವರವೇ ಆಗಿದ್ದವು; 2000ದ ಯೂರೋ ಕಪ್ ಗೆದ್ದ ತಂಡದಲ್ಲಿಯೂ ಅವರಿದ್ದರು.

ಪ್ರಶ್ನೆ: ಭಾರತದಲ್ಲಿ ಅವರು ಏನು ಸಾಧಿಸಿದರು? ಬೆಂಗಳೂರಿನೊಂದಿಗೆ ಏನಾದರೂ ನಂಟಿದೆಯೇ?
— ಬೆಂಗಳೂರು ಎಫ್‌ಸಿ ಅಭಿಮಾನಿ, ಶಾಂತಿನಗರ

ಉತ್ತರ: ಯುವೆಂಟಸ್‌ನಲ್ಲಿ ಗೋಲಿಲ್ಲದ ಕೆಲವು ತಿಂಗಳು ಕಳೆದು, ವೆಸ್ಟ್ ಬ್ರಾಮ್‌ವಿಚ್ ತಂಡದಲ್ಲಿ ಗೋಲಿನ ಸಂಭ್ರಮಕ್ಕೆ ಮಾಡಿದ ಕೈಸನ್ನೆಯೊಂದು ಯಹೂದಿದ್ವೇಷದ್ದೆಂದು ತೀರ್ಮಾನವಾಗಿ ಐದು ಪಂದ್ಯಗಳ ನಿಷೇಧಕ್ಕೆ ಗುರಿಯಾದ ಮೇಲೆ, ಅವರು 2014ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮೊದಲ ಋತುವಿಗೆ ಮುಂಬೈಗೆ ಬಂದರು. ಆರ್ಸೆನಲ್‌ನ ಹಳೆಯ ಜೊತೆಗಾರ ಫ್ರೆಡ್ಡಿ ಯೂಂಗ್‌ಬೆರಿ ಕೂಡ ಆ ತಂಡದಲ್ಲಿದ್ದರು. ಬಾಕಿ ನಿಷೇಧದಿಂದಾಗಿ ಆರಂಭದ ಪಂದ್ಯಗಳು ತಪ್ಪಿದವು. ಎರಡನೆಯ ವರ್ಷ ಆಟಗಾರರೂ ತರಬೇತುದಾರರೂ ಅವರೇ ಆದರು, ಆದರೆ ಎರಡು ವರ್ಷವೂ ತಂಡ ಸೆಮಿಫೈನಲ್ ತಲುಪಲಿಲ್ಲ. ಕಾಲಿನ ವೇಗ ಹೋಗಿತ್ತು, ಚೆಂಡಿನ ಮೊದಲ ಸ್ಪರ್ಶ ಮಾತ್ರ ಹಾಗೆಯೇ ಇತ್ತು.

ಬೆಂಗಳೂರಿನ ನಂಟು ಇರುವುದು ಆ ಎರಡನೆಯ ವರ್ಷದಲ್ಲಿ. ಆಗ ಬೆಂಗಳೂರು ಎಫ್‌ಸಿ ದೇಶದ ಇನ್ನೊಂದು ಲೀಗ್ ಆದ ಐ-ಲೀಗ್‌ನಲ್ಲಿ ಆಡುತ್ತಿತ್ತು, ಸೂಪರ್ ಲೀಗ್ ಬೇರೆ ತಿಂಗಳುಗಳಲ್ಲಿ ನಡೆಯುತ್ತಿತ್ತು. ಹಾಗಾಗಿ ನಿಮ್ಮ ತಂಡದ ಆಗಿನ ನಾಯಕ ಸುನಿಲ್ ಛೆಟ್ರಿ ಅವರನ್ನು 2015ರ ಹರಾಜಿನಲ್ಲಿ 1 ಕೋಟಿ 20 ಲಕ್ಷ ರೂಪಾಯಿಗೆ ಮುಂಬೈ ಪಡೆಯಿತು. ಅನೆಲ್ಕಾ ಅವರ ತರಬೇತಿಯಲ್ಲಿ ಆಡುತ್ತ, ನಾರ್ತ್ ಈಸ್ಟ್ ಯುನೈಟೆಡ್ ವಿರುದ್ಧದ 5–1ರ ಗೆಲುವಿನಲ್ಲಿ ಛೆಟ್ರಿ ಹೊಡೆದ ಮೂರು ಗೋಲುಗಳು ಆ ಲೀಗ್‌ನಲ್ಲಿ ಭಾರತೀಯರೊಬ್ಬರ ಮೊದಲ ಹ್ಯಾಟ್ರಿಕ್ ಆದವು.