ರೂಮು ತಂಪಾಗುವ ಮೊದಲೇ ಎಸಿ ಕಂಪ್ರೆಸರ್ ನಿಲ್ಲುತ್ತಿದ್ದರೆ
24 ಡಿಗ್ರಿಗೆ ಇಟ್ಟರೂ ಕಂಪ್ರೆಸರ್ ಬೇಗ ನಿಂತು ರೂಮು ಸೆಕೆಯಾಗೇ ಇದ್ದರೆ, ಹೆಚ್ಚಾಗಿ ಅದು ರೂಮಿನ ಗಾಳಿಯ ಬಿಸಿ-ತಂಪು ಅಳೆಯುವ ರೂಮ್ ಸೆನ್ಸರಿನ ತೊಂದರೆ. ಸೆನ್ಸರ್ ಕ್ಲಿಪ್ಪಿನಿಂದ ಜಾರಿ, ಗಾಳಿಯನ್ನು ತಂಪು ಮಾಡುವ ಕಾಯಿಲ್‌ಗೆ ತಾಗಿದರೆ ರೂಮೇ ತಣ್ಣಗಾಗಿದೆ ಎಂದು ಎಸಿ ಲೆಕ್ಕ ಹಾಕುತ್ತದೆ.

ಮೊದಲು ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಆಫ್ ಮಾಡಿ. ರಿಮೋಟ್‌ನಲ್ಲಿ ಆರಿಸಿದರೆ ಸಾಲದು. ಮುಂದಿನ ಪ್ಯಾನೆಲ್ ತೆಗೆದು ಫಿಲ್ಟರ್ ತೊಳೆಯಿರಿ, ಧೂಳಿಗೆ ಅದು ಹೇಗೂ ಬೇಕು. ಕಾಯಿಲ್ ಮುಂದೆ ತೆಳು ವೈರಿನ ತುದಿಯಲ್ಲಿರುವ ಸಣ್ಣ ಮಣಿಯೇ ಸೆನ್ಸರ್. ಕ್ಲಿಪ್ಪಿಗೆ ಸಿಕ್ಕಿಸಿ. ತಾಮ್ರದ ಪೈಪಿಗೆ ಕೂತಿರುವುದು ಬೇರೆ ಸೆನ್ಸರ್, ಅದನ್ನು ಎಳೆಯಬೇಡಿ.

ಪ್ಯಾನೆಲ್ ಹಾಕಿ, ಎಸಿ ಓಡಿಸಿದಾಗ ಆದರೂ ಹಾಗೇ ಆದರೆ ಎಂಸಿಬಿ ಮತ್ತೆ ಆಫ್ ಮಾಡಿ, ರೂಮ್ ಸೆನ್ಸರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಅದರ ಓಮ್ (ವಿದ್ಯುತ್ ರೋಧ) ನೋಡಿ. 25 ಡಿಗ್ರಿಗೆ ಸಾಮಾನ್ಯವಾಗಿ 5 ಅಥವಾ 10 ಕಿಲೋಓಮ್. ಮಣಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಓಮ್ ನಿಧಾನಕ್ಕೆ ಇಳಿಯಬೇಕು. ಇಳಿಯದಿದ್ದರೆ ಸೆನ್ಸರ್ ಹೋಗಿದೆ. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಕಿಲೋಓಮಿನದು ತನ್ನಿ. ಸರಿಯಾಗಿ ಇಳಿದರೆ ಪಿಸಿಬಿ, ಅಂದರೆ ಎಸಿಯ ಎಲೆಕ್ಟ್ರಾನಿಕ್ ಬೋರ್ಡಿನ ತೊಂದರೆ ಇರಬಹುದು, ಅದನ್ನು ಮೆಕ್ಯಾನಿಕ್ಕೇ ನೋಡಬೇಕು.