ಜಪಾನ್ ಕ್ರೂಸ್‌ನಲ್ಲಿ ಒಂದೇ ದಿನ ಸಿಕ್ಕರೆ ಯಾವ ಬಂದರು ಚೆನ್ನಾಗಿರುತ್ತದೆ? ಯಾಕೆ?

ನನ್ನ ಕೇಳಿದರೆ ನಾಗಾಸಾಕಿ. ಹಡಗು ಊರೊಳಗೇ ಬಂದು ನಿಲ್ಲುತ್ತದೆ, ಅದೇ ಮುಖ್ಯ ಕಾರಣ.

ಇಲ್ಲಿನ ಕೊಲ್ಲಿ ಉದ್ದ, ಕಿರಿದು, ಆಳ. ಎರಡೂ ಬದಿ ಗುಡ್ಡ, ಅದರ ಮೈತುಂಬ ಮನೆಗಳು. ಕೊಲ್ಲಿಯ ಬಾಯಲ್ಲಿರುವ ಮೆಗಾಮಿ ಸೇತುವೆ ನೀರಿನಿಂದ ಸುಮಾರು 65 ಮೀಟರ್ ಮೇಲಿದೆ. ಹಾಗಾಗಿ ದೊಡ್ಡ ಹಡಗುಗಳೂ ಅದರಡಿ ನುಸುಳಿ ಮತ್ಸುಗಾಯೆ ಧಕ್ಕೆಗೆ ಬರುತ್ತವೆ. ಡೆಕ್ ಮೇಲೆ ನಿಂತರೆ ಮನೆಗಳ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆಯೂ ಕಾಣುತ್ತದೆ!

ಯೊಕೊಹಾಮಾದಲ್ಲಿ ಬೇ ಬ್ರಿಜ್ ಎತ್ತರ ಸುಮಾರು 55 ಮೀಟರ್ ಅಷ್ಟೇ. ತೀರಾ ಎತ್ತರದ ಹಡಗುಗಳು ಹೊರಗಿನ ದೈಕೊಕು ಧಕ್ಕೆಯಲ್ಲೇ ನಿಲ್ಲಬೇಕು, ಅಲ್ಲಿಂದ ಊರಿಗೆ ಬಸ್ಸೇ ಗತಿ. ಕ್ಯೋಟೋ ಪಕ್ಕ ಸಮುದ್ರವೇ ಇಲ್ಲ. ಒಸಾಕಾದಲ್ಲೋ ಕೋಬೆಯಲ್ಲೋ ಇಳಿದು ರೈಲು ಹಿಡಿದರೆ ಹೋಗಿ ಬರೋದರಲ್ಲೇ ಅರ್ಧ ದಿನದ ಹತ್ತಿರ ಕಳೆಯುತ್ತದೆ.

ನಾಗಾಸಾಕಿಯಲ್ಲಿ ಆ ಕಾಟವಿಲ್ಲ. 1864ರ ಔರಾ ಚರ್ಚ್‌ಗೆ ನಡೆದೇ ಹೋಗಬಹುದು, ಕೊನೆಗೆ ಸ್ವಲ್ಪ ಏರು. ಆಮೇಲೆ ಹತ್ತಿರದ ನಿಲ್ದಾಣದಲ್ಲಿ ಟ್ರ್ಯಾಮ್ ಹತ್ತಿ, ಚೈನಾಟೌನ್ ಬಳಿ ಬದಲಿಸಿದರೆ ಶಾಂತಿ ಉದ್ಯಾನ. 1945ರ ಆಗಸ್ಟ್ 9ರಂದು ಅಣುಬಾಂಬ್ ಸಿಡಿದದ್ದು ಅದರ ಪಕ್ಕದಲ್ಲೇ. ಹತ್ತಿರದ ಅಣುಬಾಂಬ್ ಮ್ಯೂಸಿಯಂಗೆ ಸಮಯ ಇಟ್ಟುಕೊಳ್ಳಿ, ಅಲ್ಲಿ ಅವಸರ ಮಾಡಬಾರದು.

ಒಂದು ವಿಷಯ ನೆನಪಿರಲಿ. ಹಡಗು ಜಪಾನಿನಲ್ಲಿ ಮೊದಲು ನಿಲ್ಲುವ ಬಂದರಿನಲ್ಲಿ ವಿದೇಶಿಯರ ಬೆರಳಚ್ಚು, ಫೋಟೋ ತೆಗೆದುಕೊಳ್ಳುತ್ತಾರೆ. ಸಾಲು ಉದ್ದ ಇರುತ್ತದೆ. ನಾಗಾಸಾಕಿಯೇ ನಿಮ್ಮ ಮೊದಲ ಬಂದರಾದರೆ ಬೆಳಗಿನ ಹೊತ್ತಿಗೆ ಏನನ್ನೂ ಬುಕ್ ಮಾಡಬೇಡಿ.