ಹಲ್ಲಿನ ಕ್ಲಿನಿಕ್: ನೀಲಿ ದೀಪ, ಒದ್ದೆ ಪೌಚ್, ಏರೋಟರ್ ನೀರು

ಪ್ರಶ್ನೆ: ಹಲ್ಲು ಕ್ಲೀನ್ ಮಾಡಿಸಲು ಹೋದಾಗ ಉಪಕರಣಗಳನ್ನು ನೀಲಿ ದೀಪ ಉರಿಯುವ ಪೆಟ್ಟಿಗೆಯಿಂದ ತೆಗೆದರು. ಅದರಲ್ಲಿಟ್ಟರೆ ರೋಗಾಣುಗಳು ಸಾಯುತ್ತವೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅದು ಯುವಿ (ಅತಿನೇರಳೆ ಬೆಳಕಿನ) ಕ್ಯಾಬಿನೆಟ್. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರ) ಮಾಡಿದ ಉಪಕರಣ ಇಟ್ಟುಕೊಳ್ಳುವ ಕಪಾಟು, ಅಷ್ಟೇ. ಆ ಬೆಳಕು ಬಿದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಇಕ್ಕಳದ ಕೀಲು, ಕೆಳಮಗ್ಗುಲು, ಒಣಗಿದ ರಕ್ತದ ಅಡಿ ಎಲ್ಲ ನೆರಳೇ. ನೀರಲ್ಲಿ ಕುದಿಸಿದರೂ ಸಾಲದು, 100 ಡಿಗ್ರಿಗೆ ಜಗ್ಗದ ಬ್ಯಾಕ್ಟೀರಿಯಾ ಸ್ಪೋರ್‌ಗಳಿವೆ (ಗಟ್ಟಿ ಕವಚದೊಳಗೆ ನಿದ್ರಿಸುವ ರೂಪ). ಹೆಪಟೈಟಿಸ್ ಬಿ ವೈರಸ್ಸಂತೂ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಉಳಿಯಬಲ್ಲದು. ಸೀಲಾದ ಪೌಚನ್ನು (ಉಪಕರಣ ಹಾಕಿ ಆಟೋಕ್ಲೇವಿನಲ್ಲಿಡುವ ಕಾಗದ-ಪ್ಲಾಸ್ಟಿಕ್ ಚೀಲ) ನಿಮ್ಮೆದುರೇ ಹರಿದು ಉಪಕರಣ ತೆಗೆಯುತ್ತಾರೆಯೇ ನೋಡಿ. ಕಾಣಿಸದಿದ್ದರೆ ಕೇಳಿ, ಸಂಕೋಚ ಬೇಡ.

ಪ್ರಶ್ನೆ: ನಾನು ಡೆಂಟಲ್ ಅಸಿಸ್ಟೆಂಟ್. ಆಟೋಕ್ಲೇವಿನಿಂದ ಪೌಚುಗಳು ಒದ್ದೆಯಾಗಿಯೇ ಬರುತ್ತವೆ. ಮೇಲಿನ ಗುರುತಿನ ಬಣ್ಣ ಮಾತ್ರ ಬದಲಾಗಿರುತ್ತದೆ. ಬಳಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಬಳಸಬೇಡಿ. ಒದ್ದೆ ಕಾಗದ ಬತ್ತಿಯ ಹಾಗೆ. ನೀವು ಕೈಯಲ್ಲಿ ಹಿಡಿದ ಕ್ಷಣವೇ ಹೊರಗಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಸ ಪೌಚಿಗೆ ಹಾಕಿ ಮತ್ತೆ ಓಡಿಸಬೇಕು.

ಹೆಚ್ಚಿನ ಕಡೆ ತಪ್ಪು ಟ್ರೇ ತುಂಬುವುದರಲ್ಲೇ ಇರುತ್ತದೆ. ಪೌಚುಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಪುಸ್ತಕ ಜೋಡಿಸಿದಂತೆ ಅಂಚಿನ ಮೇಲೆ ನಿಲ್ಲಿಸಿ, ಒಂದರ ಕಾಗದದ ಬದಿ ಇನ್ನೊಂದರ ಪ್ಲಾಸ್ಟಿಕ್ ಬದಿಗೆ ಬರಲಿ, ನಡುವೆ ಹಬೆ ಓಡಾಡಲು ಜಾಗವಿರಲಿ. ಇಕ್ಕಳ, ಕತ್ತರಿಗಳ ಬಾಯಿ ತೆರೆದಿರಬೇಕು. ರಕ್ತ ಅಂಟಿಕೊಂಡಿದ್ದರೆ ಅದು ಬೆಂದು ಗಟ್ಟಿಯಾಗಿ ತನ್ನಡಿಯ ರೋಗಾಣುಗಳಿಗೆ ಹೊದಿಕೆಯಾಗುತ್ತದೆ, ಹಾಗಾಗಿ ತೊಳೆಯುವುದು ಮೊದಲು. ಪೌಚಿನಲ್ಲಿಟ್ಟ ಉಪಕರಣಕ್ಕೆ ಸಾಧಾರಣ ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ, ಇಲ್ಲವೇ 132 ಡಿಗ್ರಿಯಲ್ಲಿ 15 ನಿಮಿಷ. ಉಷ್ಣಾಂಶ ಮುಟ್ಟಿದ ಮೇಲೆ ಎಣಿಕೆ ಶುರು, ಸ್ವಿಚ್ ಹಾಕಿದಾಗಿನಿಂದ ಅಲ್ಲ. ಆಮೇಲೆ ಒಣಗುವ ಅವಧಿ ಮುಗಿಯುವ ತನಕ ಬಾಗಿಲು ತೆರೆಯಬೇಡಿ. ಮುಂದಿನ ಪೇಷಂಟ್ ಕಾಯುತ್ತಿದ್ದಾರೆಂದು ತೆರೆಯುವುದೇ ಒದ್ದೆಗೆ ದೊಡ್ಡ ಕಾರಣ.

ನಿಮ್ಮದು ಕುಕ್ಕರ್ ಮಾದರಿಯದಾದರೆ ಇನ್ನೊಂದು ತೊಡಕಿದೆ. ಒಳಗಿನ ಗಾಳಿಯೆಲ್ಲ ಹೋಗಿ ಹಬೆ ಧಾರೆಯಾಗಿ ಬರುವ ಮೊದಲೇ ವಾಲ್ವ್ ಮುಚ್ಚಿದರೆ ಒತ್ತಡದ ಮೀಟರ್ 15 ಪೌಂಡ್ ತೋರಿಸುತ್ತದೆ, ಉಷ್ಣಾಂಶ ಮಾತ್ರ 121 ಮುಟ್ಟಿರುವುದಿಲ್ಲ.

ಬಣ್ಣದ ವಿಚಾರ: ಹೊರಗಿನ ಗುರುತು ಹೇಳುವುದು ‘ಈ ಪೌಚ್ ಮಷಿನ್ ಒಳಗೆ ಹೋಗಿ ಬಂದಿದೆ’ ಎಂದಷ್ಟೇ. ಖಾತ್ರಿಗೆ ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ ಮಾಡಿ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್ ಇರುವ ಸೀಸೆಯನ್ನು ಲೋಡಿನ ನಡುವೆ ಇಟ್ಟು, ಬಳಿಕ 55–60 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಡಿ; ಎಷ್ಟು ಗಂಟೆ ಎಂಬುದು ಪೊಟ್ಟಣದ ಮೇಲಿರುತ್ತದೆ. ನೇರಳೆ ದ್ರವ ಹಳದಿಯಾದರೆ ಸ್ಪೋರ್ ಸತ್ತಿಲ್ಲ. ಜೊತೆಗೆ ಆಟೋಕ್ಲೇವಿಗೆ ಹಾಕದ ಇನ್ನೊಂದು ಸೀಸೆಯನ್ನೂ ಇಡಿ. ಅದು ಹಳದಿಯಾಗಲೇಬೇಕು. ಆಗದಿದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ.

ಪ್ರಶ್ನೆ: ಏರೋಟರನ್ನು (ಹಲ್ಲು ಕೊರೆಯುವ ಉಪಕರಣ) ಸ್ಪಿರಿಟ್‌ನಿಂದ ಒರೆಸಿದರೆ ಸಾಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಾಲದು. ಏರೋಟರ್ ನಿಂತಾಗ ತುದಿಯಿಂದ ಎಂಜಲು, ರಕ್ತ ಒಳಕ್ಕೆ ಸೆಳೆದುಕೊಳ್ಳುವುದುಂಟು. ಸ್ಪಿರಿಟ್ ಹೊರಮೈ ಮುಟ್ಟುತ್ತದೆ, ಒಳಗಿನ ಟರ್ಬೈನನ್ನಲ್ಲ. ಪ್ರತಿ ಪೇಷಂಟಿನ ನಂತರವೂ ಬಿಚ್ಚಿ, ಶುಚಿ ಮಾಡಿ, ಎಣ್ಣೆ ಹಾಕಿ ಆಟೋಕ್ಲೇವ್ ಮಾಡಬೇಕು. ಹಾಗಾಗಿ ಒಂದೆರಡು ಏರೋಟರ್ ಇಟ್ಟುಕೊಂಡು ದಿನವಿಡೀ ಪೇಷಂಟ್ ನೋಡುವುದು ಲೆಕ್ಕಕ್ಕೆ ಕೂಡಿಬರುವುದಿಲ್ಲ.

ಏರೋಟರಿನ ನೀರನ್ನು ಪೇಷಂಟುಗಳ ನಡುವೆ 20–30 ಸೆಕೆಂಡ್ ಹರಿಯಬಿಡಿ. ಆದರೆ ಸಣ್ಣ ಕೊಳವೆಯ ಒಳಗೋಡೆಗೆ ಕಟ್ಟಿದ ಲೋಳೆ ಇದರಿಂದ ಕಿತ್ತು ಬರುವುದಿಲ್ಲ. ಅದಕ್ಕೆ ಕುರ್ಚಿ ತಯಾರಕರು ಹೇಳಿದ ಔಷಧಿಯನ್ನೇ ಹಾಯಿಸಬೇಕು. ಸಾಮಾನ್ಯ ಚಿಕಿತ್ಸೆಗೆ ಬಳಸುವ ನೀರಿನಲ್ಲಿ ಮಿಲಿ ಲೀಟರಿಗೆ 500 ಸಿಎಫ್‌ಯು (ಜೀವಂತ ಬ್ಯಾಕ್ಟೀರಿಯಾ ಎಣಿಸುವ ಲೆಕ್ಕ) ಮೀರಬಾರದು. ಮೂಳೆ ಕೊರೆಯುವ ಸರ್ಜರಿಗೆ ಈ ನೀರೇ ಬೇಡ, ಸ್ಟೆರೈಲ್ ಸಲೈನ್ ಬಳಸಿ.

ಪ್ರಶ್ನೆ: ಸೂಜಿ ಚುಚ್ಚಿದರೆ ಮೊದಲು ಏನು ಮಾಡಬೇಕು?
– ಓದುಗರೊಬ್ಬರು, ಬೀದರ್

ಉತ್ತರ: ಗಾಯ ಹಿಂಡಬೇಡಿ, ಸೋಪು-ನೀರಿನಲ್ಲಿ ತೊಳೆಯಿರಿ, ತಕ್ಷಣ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಮೊದಲ ಡೋಸ್ ಎಷ್ಟು ಬೇಗ ಬೀಳುತ್ತದೋ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಪೂರ್ತಿ 28 ದಿನ ನುಂಗಬೇಕು. ಇನ್ನು ಸೂಜಿಗೆ ಎರಡೂ ಕೈಯಿಂದ ಕ್ಯಾಪ್ ಹಾಕುವುದನ್ನು ಇಂದೇ ಬಿಡಿ: ಕ್ಯಾಪನ್ನು ಟ್ರೇ ಮೇಲೆ ಮಲಗಿಸಿ, ಒಂದೇ ಕೈಯಿಂದ ಸೂಜಿಯನ್ನು ಅದರೊಳಕ್ಕೆ ತೂರಿಸಿ.